ಹಕ್ಕಿ ಪುಸ್ತಕ ಕೊಡಿಸಬೇಕೇ, ಮೊಬೈಲು ಸಾಕೇ?

ಹೋದ ಶನಿವಾರ ಪೋಷಕರ ಸಭೆ ಮುಗಿಸಿ ಪ್ರಯೋಗಶಾಲೆಗೆ ಬೀಗ ಹಾಕುತ್ತಿದ್ದೆ. ತಂದೆಯೊಬ್ಬರು ಜಗಲಿಯಲ್ಲಿ ನನಗಾಗಿ ಕಾದು ನಿಂತಿದ್ದರು. ಮಗಳು ಎಂಟನೆಯ ತರಗತಿ. ಗಣಿತದ ಅಂಕಗಳ ವಿಚಾರ ಇರಬಹುದೆಂದುಕೊಂಡೆ. ಅವರು ಕೇಳಿದ್ದು ಬೇರೆ. “ಸಾರ್, ಹುಡುಗಿ ಹಕ್ಕಿಗಳ ಪುಸ್ತಕ ಬೇಕೆಂದು ಹಟ ಹಿಡಿದಿದ್ದಾಳೆ. ವಿಚಾರಿಸಿದರೆ ಸಾವಿರ ರೂಪಾಯಿಯ ಹತ್ತಿರ ಹೇಳುತ್ತಾರೆ. ಅದೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದಂತಲ್ಲ? ಮತ್ತೆ ಪುಸ್ತಕ ಯಾಕೆ?”

ನ್ಯಾಯವಾದ ಪ್ರಶ್ನೆ. ದಿನಗೂಲಿಯಲ್ಲಿ ಸಂಸಾರ ನಡೆಸುವವರಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ‘ಪುಸ್ತಕಕ್ಕೆ ಸಮನಾದದ್ದು ಯಾವುದಿದೆ?’ ಎಂದು ಗಂಭೀರವಾಗಿ ಹೇಳಿ ಕಳಿಸಿಬಿಡುವುದು ಮೇಷ್ಟರಾದವರಿಗೆ ಬಹಳ ಸುಲಭ. ಆದರೆ ಅದು ಪೂರ್ತಿ ನಿಜವಲ್ಲವೆಂದು ನನಗೇ ಗೊತ್ತಿದೆ. “ಒಂದು ವಾರ ಸಮಯ ಕೊಡಿ, ಯೋಚಿಸಿ ಹೇಳುತ್ತೇನೆ” ಎಂದೆ. ಆ ಯೋಚನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಇದೇ ಚರ್ಚೆ ನಡೆದಿರಬಹುದು. ಹಕ್ಕಿಗಳ ಬದಲು ಅದು ನಕ್ಷತ್ರಗಳ ಪುಸ್ತಕವೋ ಚಿಟ್ಟೆಗಳ ಪುಸ್ತಕವೋ ಆಗಿರಬಹುದು, ಅಷ್ಟೇ.

ಹದ್ದು ಕೂಗಿತು, ಹದ್ದು ಇರಲಿಲ್ಲ

ಮೊದಲಿಗೆ ಒಂದು ಪ್ರಸಂಗ. ನಮ್ಮ ಊರು ಮಲೆನಾಡಿನ ಅಂಚಿನಲ್ಲಿದೆ. ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ಅಡಿಕೆ ತೋಟದ ಪಕ್ಕದ ಕಾಡಿನ ದಾರಿಯಲ್ಲಿ ಹಕ್ಕಿ ನೋಡಲು ಹೋಗುವುದು ನನ್ನ ಹಳೆಯ ಅಭ್ಯಾಸ. ಒಮ್ಮೆ ಹೀಗೆ ಹೋದಾಗ ಮೇಲಿನಿಂದ ಹದ್ದಿನ ಸಿಳ್ಳೆ ಕೇಳಿಸಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಂದೆಯ ಮೊಬೈಲು ತಂದಿದ್ದ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಸೌಲಭ್ಯ ಅದರಲ್ಲಿತ್ತು. ಅದನ್ನು ಎತ್ತಿ ಹಿಡಿದ. ಪರದೆಯ ಮೇಲೆ ಹೆಸರು ಮೂಡಿತು: ಹಾವು ಹಿಡಿದು ತಿನ್ನುವ ಪನ್ನಗಾರಿ ಹದ್ದು. ಎಲ್ಲರೂ ಬರೆದುಕೊಂಡರು. ಮುಂದೆ ನಡೆಯಲು ಹೊರಟಾಗ ಹಿಂದೆ ಉಳಿದಿದ್ದ ಹುಡುಗಿಯೊಬ್ಬಳು ನನ್ನ ಅಂಗಿ ಎಳೆದು, “ಸಾರ್, ಕೂಗಿದ್ದು ಹದ್ದಲ್ಲ, ಅದು” ಎಂದು ಕೊಂಬೆಯತ್ತ ಬೆರಳು ತೋರಿಸಿದಳು.

ಅಲ್ಲಿ ಕುಳಿತಿದ್ದದ್ದು ಭೀಮರಾಜ. ಕಪ್ಪು ಮೈ, ಬಾಲದಿಂದ ಇಳಿಬಿದ್ದ ಎರಡು ತಂತಿ, ತಂತಿಯ ತುದಿಯಲ್ಲಿ ಸೌಟಿನಂಥ ಗರಿ. ನಾವು ನೋಡುತ್ತಿದ್ದಂತೆಯೇ ಮತ್ತೊಮ್ಮೆ ಹದ್ದಿನ ಹಾಗೆ ಸಿಳ್ಳೆ ಹಾಕಿ, ತಕ್ಷಣ ದನಿ ಬದಲಿಸಿ ಬೇರೇನನ್ನೋ ಅನುಕರಿಸತೊಡಗಿತು. ಇತರ ಹಕ್ಕಿಗಳ ಕೂಗನ್ನು ಅಚ್ಚಾಗಿ ಅನುಕರಿಸುವುದರಲ್ಲಿ ಭೀಮರಾಜನನ್ನು ಮೀರಿಸುವ ಹಕ್ಕಿ ನಮ್ಮ ಕಾಡುಗಳಲ್ಲಿ ಅಪರೂಪ.

ಇಲ್ಲಿ ಯಂತ್ರದ ತಪ್ಪೇನೂ ಇಲ್ಲ ಎಂಬುದನ್ನು ಗಮನಿಸಿ. ಇಂಥ ಸೌಲಭ್ಯ ಕೆಲಸ ಮಾಡುವ ಬಗೆ ಹೀಗೆ: ಅದು ದನಿಯನ್ನು ಒಂದು ಚಿತ್ರವನ್ನಾಗಿ ಬದಲಿಸುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವೃತ್ತಿ, ಅಂದರೆ ದನಿಯ ಏರಿಳಿತ. ನೀವು ಭೌತಶಾಸ್ತ್ರದಲ್ಲಿ ಎಳೆಯುವ ನಕ್ಷೆಯ ಹಾಗೆಯೇ. ಆ ಚಿತ್ರವನ್ನು ತನ್ನಲ್ಲಿ ಮೊದಲೇ ಕಲಿಸಿಟ್ಟ ಸಾವಿರಾರು ಚಿತ್ರಗಳ ಮಾದರಿಗೆ ಹೋಲಿಸಿ, ಯಾವುದಕ್ಕೆ ಹತ್ತಿರವಿದೆಯೋ ಆ ಹೆಸರನ್ನು ಹೇಳುತ್ತದೆ. ಕೂಗು ಯಾವುದೆಂದು ಅದು ಸರಿಯಾಗಿಯೇ ಹೇಳಿತು. ಕೂಗಿದವರು ಯಾರೆಂದು ಹೇಳಲು ತಲೆ ಎತ್ತಿ ನೋಡಬೇಕಿತ್ತು. ಆ ಕೆಲಸ ನಮ್ಮದು. ಹೆಸರು ಮೊದಲೇ ಸಿಕ್ಕಿಬಿಟ್ಟದ್ದರಿಂದ ಹನ್ನೆರಡು ಜನರಲ್ಲಿ ಹನ್ನೊಂದು ಜನ ಮೇಲೆ ನೋಡಲೇ ಇಲ್ಲ. ಆ ಹನ್ನೊಂದರಲ್ಲಿ ನಾನೂ ಒಬ್ಬ.

ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು

ನಾನು ಬಿ.ಎಸ್‌ಸಿ. ಓದುತ್ತಿದ್ದಾಗ ಕಾಲೇಜಿನ ಗ್ರಂಥಾಲಯದಲ್ಲಿ ಸಲೀಂ ಅಲಿಯವರ ಭಾರತದ ಹಕ್ಕಿಗಳ ಪುಸ್ತಕ ಒಂದೇ ಒಂದು ಪ್ರತಿ ಇತ್ತು. ಮನೆಗೆ ಕೊಡುತ್ತಿರಲಿಲ್ಲ. ಅಲ್ಲೇ ಕುಳಿತು ನೋಡಬೇಕು. ಹಾಗಾಗಿ ಹಕ್ಕಿ ನೋಡುವ ಜಾಗದಲ್ಲಿ ಪುಸ್ತಕವಿಲ್ಲ, ಪುಸ್ತಕವಿರುವ ಜಾಗದಲ್ಲಿ ಹಕ್ಕಿಯಿಲ್ಲ. ಉಪಾಯವೆಂದರೆ ಕಂಡದ್ದನ್ನೆಲ್ಲ ಬರೆದುಕೊಂಡು ಬರುವುದು. ಬೆಳಿಗ್ಗೆ ಕೆರೆಯ ಬಳಿ ಗೀಚಿದ ಚೀಟಿಯನ್ನು ಮಧ್ಯಾಹ್ನ ಪುಸ್ತಕದ ಪಕ್ಕದಲ್ಲಿಟ್ಟರೆ ನೂರು ಪ್ರಶ್ನೆಗಳು. ಕೊಕ್ಕು ಬಾಗಿತ್ತೋ ನೇರವಾಗಿತ್ತೋ? ಕಣ್ಣಿನ ಮೇಲೆ ಬಿಳಿ ಗೆರೆ ಇತ್ತೇ? ನಡೆಯುತ್ತಿತ್ತೋ ಕುಪ್ಪಳಿಸುತ್ತಿತ್ತೋ? ಉತ್ತರ ಗೊತ್ತಿಲ್ಲದಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಕೆರೆಗೆ. ಆ ಪುಸ್ತಕ ನನಗೆ ಹೆಸರುಗಳನ್ನು ಕೊಟ್ಟದ್ದಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನು ಕೊಟ್ಟಿತೆಂದು ಈಗ ಅನ್ನಿಸುತ್ತದೆ.

1941ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಪ್ರಕಟಿಸಿದ ಪುಸ್ತಕ ಅದು. ಅದಕ್ಕೆ ಒಂದು ವರ್ಷ ಮೊದಲು, 1940ರಲ್ಲಿ, ಸಲೀಂ ಅಲಿಯವರ ಸಲಹೆಯಂತೆ ನಮ್ಮ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು ಪಕ್ಷಿಧಾಮವಾಗಿತ್ತು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಅವರು ಸಮೀಕ್ಷೆ ಮಾಡಿದ್ದೂ ಆ ಕಾಲದಲ್ಲಿಯೇ.

ಆ ಪುಸ್ತಕದಲ್ಲಿ ಹಕ್ಕಿಯ ಗಾತ್ರವನ್ನು ಹೇಳುವ ಕ್ರಮ ನನಗೆ ಇಂದಿಗೂ ಮೆಚ್ಚುಗೆ. ಇಷ್ಟು ಅಂಗುಲ, ಇಷ್ಟು ಸೆಂಟಿಮೀಟರ್ ಎಂದರೆ ಮರದ ತುದಿಯಲ್ಲಿರುವ ಹಕ್ಕಿಗೆ ಅಳತೆಪಟ್ಟಿ ಹಿಡಿಯುವವರಾರು? ಅದಕ್ಕಾಗಿ ಅವರು ಎಲ್ಲರಿಗೂ ಗೊತ್ತಿರುವ ಹಕ್ಕಿಗಳನ್ನೇ ಅಳತೆಗೋಲಾಗಿ ಮಾಡಿಕೊಂಡರು. ಗುಬ್ಬಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ, ಹದ್ದು, ಹೀಗೆ. ಹೊಸ ಹಕ್ಕಿ ಗುಬ್ಬಿಗಿಂತ ಸ್ವಲ್ಪ ದೊಡ್ಡದಾದರೆ ಗುಬ್ಬಿಯ ಮುಂದೆ ಒಂದು ಕೂಡುವ ಚಿಹ್ನೆ, ಚಿಕ್ಕದಾದರೆ ಕಳೆಯುವ ಚಿಹ್ನೆ. ಬಾಲ್ಯದಿಂದ ನೋಡಿದ ಹಕ್ಕಿಯೇ ಮಾನದಂಡ! ಪ್ರಯೋಗಶಾಲೆಯಿಲ್ಲದ ಶಾಲೆಯಲ್ಲಿಯೂ ಅಳತೆ ಎಂದರೇನೆಂದು ಕಲಿಸಲು ಇದಕ್ಕಿಂತ ಸರಳವಾದ ಪಾಠ ಇನ್ನೊಂದಿಲ್ಲ.

ಇಂಥ ಪುಸ್ತಕಗಳು ಬರುವ ಮೊದಲು ಹಕ್ಕಿಯನ್ನು ಗುರುತಿಸಬೇಕಾದರೆ ಕೋವಿ ಬೇಕಿತ್ತು. ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದು ಗರಿ, ಕೊಕ್ಕು, ಕಾಲುಗಳನ್ನು ಪರೀಕ್ಷಿಸುತ್ತಿದ್ದರು. ಸಲೀಂ ಅಲಿಯವರ ಹಕ್ಕಿಜೀವನ ಆರಂಭವಾದದ್ದೂ ಹಾಗೆಯೇ. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಅದೇನೆಂದು ತಿಳಿಯಲು ಸೊಸೈಟಿಯ ಬಾಗಿಲಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಹುಡುಗನನ್ನು ಗದರಿಸಿ ಕಳಿಸದೆ ಒಳಗೆ ಕರೆದು ಸಂಗ್ರಹವನ್ನೆಲ್ಲ ತೋರಿಸಿದರು. ಮುಂದಿನದು ಇತಿಹಾಸ.

ಅಮೆರಿಕದಲ್ಲಿ ಈ ಕೋವಿಯನ್ನು ಕೆಳಗಿಳಿಸಿದವರು ರೋಜರ್ ಟೋರಿ ಪೀಟರ್‌ಸನ್. ಅವರೂ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. 1934ರಲ್ಲಿ ಅವರ ಕೈಪಿಡಿ ಹೊರಬಂದಾಗ ವಯಸ್ಸು ಇನ್ನೂ 25. ಒಂದೇ ಬಗೆಯಾಗಿ ಕಾಣುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಬಿಡಿಸಿ, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿಗೊಂದು ಪುಟ್ಟ ಬಾಣದ ಗುರುತು ಹಾಕಿದರು. ಅಷ್ಟೇ ಅವರ ಉಪಾಯ. ಮೊದಲು ಅಚ್ಚಾದ 2000 ಪ್ರತಿಗಳು ಬಹು ಬೇಗ ಮುಗಿದುಹೋದವು. ದೂರದಿಂದ ನೋಡಿಯೇ ಹಕ್ಕಿಯನ್ನು ಗುರುತಿಸಬಹುದು ಎಂಬುದು ಆ ಬಾಣಗಳಿಂದ ಸಾಮಾನ್ಯ ಓದುಗನಿಗೂ ಸಾಧ್ಯವಾಯಿತು.

ಒಳ್ಳೆಯ ಪುಸ್ತಕದ ಗುಣವಿದು. ಇಡೀ ಜೀವಮಾನ ನೋಡಿದವರು ನಮ್ಮ ಪಕ್ಕದಲ್ಲಿ ನಿಂತು ‘ಇಲ್ಲಿ ನೋಡು, ಇದನ್ನು ಬಿಡು’ ಎನ್ನುತ್ತಾರೆ. ಏನನ್ನು ಬಿಡಬೇಕೆಂದು ಹೇಳುವುದು ಬಹಳ ಮುಖ್ಯ. ಅಂತರಜಾಲದಲ್ಲಿ ಒಂದು ಹಕ್ಕಿಯ ಹೆಸರು ಹುಡುಕಿದರೆ ಐನೂರು ಚಿತ್ರಗಳು ಬರುತ್ತವೆ. ಅವುಗಳಲ್ಲಿ ಯಾವುದು ಗಂಡು, ಯಾವುದು ಮರಿ, ಯಾವುದಕ್ಕೆ ತಪ್ಪು ಹೆಸರಿದೆ ಎಂಬುದು ಹೊಸಬರಿಗೆ ತಿಳಿಯುವುದು ಹೇಗೆ?

ಪುಸ್ತಕಕ್ಕೆ ಆಗದ ಕೆಲಸಗಳು

ಹಾಗಾದರೆ ಜಾಲತಾಣಗಳಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಪುಸ್ತಕಪ್ರೇಮಿಗಳು ಒಪ್ಪಿಕೊಳ್ಳಬೇಕಾದ ಕೆಲವು ಸತ್ಯಗಳಿವೆ.

ಮೊದಲನೆಯದು ದನಿ. ನಮ್ಮ ಕಡೆಯ ಹಸಿರು ಕುಟ್ರು ಹಕ್ಕಿಗಳಲ್ಲಿ ಎರಡು ಬಗೆ. ಒಂದಕ್ಕೆ ಕೆನ್ನೆಯಲ್ಲಿ ಬಿಳಿ, ಇನ್ನೊಂದಕ್ಕೆ ತಲೆಯೆಲ್ಲ ಕಂದು. ಎಲೆಗಳ ನಡುವೆ ಕುಳಿತರೆ ಎರಡೂ ಕಾಣಿಸುವುದಿಲ್ಲ, ಕೇಳಿಸುವುದಷ್ಟೇ. ಎರಡರ ಕೂಗನ್ನೂ ಅಕ್ಷರದಲ್ಲಿ ಬರೆದರೆ ‘ಕುಟ್ರೂ ಕುಟ್ರೂ’ ಎಂದೇ ಆಗುತ್ತದೆ! ಪುಸ್ತಕ ಎಷ್ಟು ದಪ್ಪವಾದರೂ ಅದು ಕೂಗುವುದಿಲ್ಲ. 2005ರಲ್ಲಿ ಆರಂಭವಾದ ಕ್ಸೆನೋ-ಕ್ಯಾಂಟೋ ಎಂಬ ಜಾಲತಾಣದಲ್ಲಿ ಲೋಕದ ಹವ್ಯಾಸಿಗಳು ತಾವು ಧ್ವನಿಮುದ್ರಿಸಿದ ಕೂಗುಗಳನ್ನು ಹಂಚಿಕೊಂಡಿದ್ದಾರೆ. ಯಾರು ಬೇಕಾದರೂ ಪುಕ್ಕಟೆಯಾಗಿ ಕೇಳಬಹುದು. ಎರಡು ಕುಟ್ರುಗಳ ಕೂಗನ್ನು ಒಂದರ ಹಿಂದೊಂದರಂತೆ ಹತ್ತು ಸಲ ಕೇಳಿದ ಮಗುವಿನ ಕಿವಿ, ನಾನು ಹತ್ತು ವರ್ಷದಲ್ಲಿ ಕಲಿತದ್ದನ್ನು ಹತ್ತು ದಿನದಲ್ಲಿ ಕಲಿಯುತ್ತದೆ. (ಒಂದು ಎಚ್ಚರಿಕೆ: ಕಲಿಯುವುದು ಮನೆಯಲ್ಲಿ. ತೋಟದಲ್ಲಿ ಗಟ್ಟಿಯಾಗಿ ಹಾಕಿ ಹಕ್ಕಿಯನ್ನು ಕರೆಯಬಾರದು. ತನ್ನ ಜಾಗಕ್ಕೆ ಶತ್ರು ಬಂದನೆಂದು ಹಕ್ಕಿ ಗೂಡು ಬಿಟ್ಟು ಹುಡುಕಾಡುತ್ತದೆ.)

ಎರಡನೆಯದು ತಿದ್ದುಪಡಿ. ಅಚ್ಚಾದ ಪುಸ್ತಕದ ನಕ್ಷೆ ಅಚ್ಚಾದ ದಿನಕ್ಕೆ ನಿಂತುಹೋಗುತ್ತದೆ. ಹಳೆಯ ಪುಸ್ತಕಗಳಲ್ಲಿರುವ ಹೆಸರುಗಳೂ ಈಗ ಬದಲಾಗಿವೆ. ಸಲೀಂ ಅಲಿಯವರ ಪುಸ್ತಕದ ‘ಸ್ಮಾಲ್ ಗ್ರೀನ್ ಬಾರ್ಬೆಟ್’ ಇಂದಿನ ‘ವೈಟ್-ಚೀಕ್ಡ್ ಬಾರ್ಬೆಟ್’, ಅದೇ ಬಿಳಿಗೆನ್ನೆಯ ಕುಟ್ರು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಪುಸ್ತಕ ನಮಗೆ ಹೇಳುತ್ತದೆ, ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಆದರೆ ಹವ್ಯಾಸದ ಜ್ಞಾನ ಬೆಳೆದದ್ದೇ ಪರಸ್ಪರ ಹೇಳಿ ಕೇಳಿ. ಇಂಗ್ಲೆಂಡಿನ ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತಮ್ಮ ಹಳ್ಳಿಯ ಹಕ್ಕಿಗಳ ಬಗ್ಗೆ ಇಬ್ಬರು ಸ್ನೇಹಿತರಿಗೆ ವರ್ಷಗಟ್ಟಲೆ ಕಾಗದ ಬರೆದರು. ನೋಡಲು ಒಂದೇ ಬಗೆಯಾಗಿರುವ ಮೂರು ಪುಟ್ಟ ಎಲೆಹುಳ ಹಕ್ಕಿಗಳು ಬೇರೆ ಬೇರೆ ಎಂದು ಅವರು ಹಾಡು ಕೇಳಿ ಪತ್ತೆ ಮಾಡಿದ್ದರು, ಯಾವ ಯಂತ್ರವೂ ಇಲ್ಲದೆ. ಆ ಕಾಗದಗಳೇ 1789ರಲ್ಲಿ ಪುಸ್ತಕವಾದವು. ನಮ್ಮ ದೇಶದಲ್ಲಿಯೂ ಝಫರ್ ಫುಟೆಹಲ್ಲಿಯವರು 1960ರ ಸುಮಾರಿಗೆ ಹಕ್ಕಿವೀಕ್ಷಕರಿಗೆಂದೇ ಒಂದು ಪುಟ್ಟ ವಾರ್ತಾಪತ್ರ ಆರಂಭಿಸಿದರು. ಊರೂರಿನ ಹವ್ಯಾಸಿಗಳು ತಾವು ಕಂಡದ್ದನ್ನು ಅಂಚೆಯಲ್ಲಿ ಬರೆದು ಕಳಿಸುತ್ತಿದ್ದರು. ಬರೆದದ್ದು ಅಚ್ಚಾಗಿ, ಅದಕ್ಕೆ ಇನ್ನೊಬ್ಬರ ಉತ್ತರ ಬಂದು ಸೇರುವಷ್ಟರಲ್ಲಿ ಮಳೆಗಾಲವೇ ಕಳೆದಿರುತ್ತಿತ್ತು.

ಇಂದು ಅದೇ ಕೆಲಸವನ್ನು ಇ-ಬರ್ಡ್ ಎಂಬ ಜಾಲತಾಣ ಮಾಡುತ್ತಿದೆ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ ಆರಂಭಿಸಿದ್ದು. ನೀವು ಯಾವ ದಿನ, ಎಲ್ಲಿ, ಎಷ್ಟು ಹೊತ್ತು ನೋಡಿದಿರಿ, ಯಾವ ಹಕ್ಕಿ ಎಷ್ಟು ಕಂಡವು ಎಂದು ಪಟ್ಟಿ ಕೊಡಬೇಕು. ಕಂಡ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಕೇಳುತ್ತದೆ. ಈ ಪ್ರಶ್ನೆಯಲ್ಲಿ ಒಂದು ಒಳ್ಳೆಯ ವಿಜ್ಞಾನ ಅಡಗಿದೆ. ಮಕ್ಕಳು ಸಾಮಾನ್ಯವಾಗಿ ಕಾಗೆ, ಗುಬ್ಬಿಗಳನ್ನು ಬರೆಯುವುದಿಲ್ಲ. ‘ಅದೇನು ಮಹಾ’ ಎನ್ನುತ್ತಾರೆ. ಆದರೆ ಕಂಡದ್ದನ್ನೆಲ್ಲ ಬರೆದ ಪಟ್ಟಿಯಲ್ಲಿ ಗುಬ್ಬಿ ಇಲ್ಲವೆಂದರೆ ಅಲ್ಲಿ ಅದು ಕಾಣಲಿಲ್ಲ ಎಂದರ್ಥ. ಆಗ ಲೆಕ್ಕ ಹಾಕಬಹುದು: ಒಂದು ಊರಿನ 50 ಪಟ್ಟಿಗಳಲ್ಲಿ 40ರಲ್ಲಿ ಗುಬ್ಬಿ ಇದ್ದರೆ ನೂರಕ್ಕೆ 80. ಹತ್ತು ವರ್ಷದ ಮೇಲೆ ಅದು ನೂರಕ್ಕೆ 30 ಆದರೆ ಏನೋ ಆಗಿದೆ ಎಂದು ತಿಳಿಯುತ್ತದೆ. ಇಲ್ಲದಿರುವುದೂ ಒಂದು ಮಾಹಿತಿ.

ಹೀಗೆ ಸಾಮಾನ್ಯ ಜನ ಕೊಟ್ಟ ಪಟ್ಟಿಗಳಿಂದಲೇ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂದು ನಾವೆಲ್ಲ ನಂಬಿದ್ದೆವಲ್ಲ? ದೊಡ್ಡ ನಗರಗಳಲ್ಲಿ ಅದು ಕಡಿಮೆಯಾಗಿರುವುದು ನಿಜ, ಆದರೆ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ಆ ವರದಿ ತೋರಿಸಿತು. ನವಿಲು ಹೆಚ್ಚುತ್ತಾ, ಮೊದಲು ಇಲ್ಲದಿದ್ದ ಕಡೆಗೂ ಹರಡುತ್ತಿರುವುದು ಕಂಡುಬಂತು. 2023ರ ಎರಡನೆಯ ವರದಿಗೆ ಆಧಾರವಾದದ್ದು 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳ ಸುಮಾರು 3 ಕೋಟಿ ದಾಖಲೆಗಳು. ಅದರಲ್ಲಿ 942 ಜಾತಿಯ ಹಕ್ಕಿಗಳ ವಿಚಾರವಿದೆ, 178 ಜಾತಿಗಳ ಬಗ್ಗೆ ತುರ್ತು ಕಾಳಜಿ ಬೇಕೆಂಬ ಸೂಚನೆಯಿದೆ. ಇದು ಯಾವ ಒಬ್ಬ ಪಂಡಿತನ ಪುಸ್ತಕದಿಂದಲೂ ಆಗುವ ಕೆಲಸವಲ್ಲ.

ಆ ತಾಣದಿಂದ ನಮಗೊಂದು ಪಾಠವೂ ಆಯಿತು. ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ಚಳಿಗಾಲದಲ್ಲಿ ಕೆರೆಯಲ್ಲಿ ಅಪರೂಪದ ಬಾತು ಕಂಡೆನೆಂದು ಪಟ್ಟಿಗೆ ಸೇರಿಸಿದ. ಅಸಾಮಾನ್ಯವಾದ ದಾಖಲೆಗಳನ್ನು ಆಯಾ ಪ್ರದೇಶದ ಹಕ್ಕಿಗಳನ್ನು ಬಲ್ಲ ಸ್ವಯಂಸೇವಕರು ಅಲ್ಲಿ ಪರಿಶೀಲಿಸುತ್ತಾರೆ. ಎರಡು ದಿನದಲ್ಲಿ ವಿನಯವಾದ ಒಂದು ಪತ್ರ ಬಂತು: ಕೊಕ್ಕಿನ ಬಣ್ಣ ಯಾವುದಿತ್ತು? ರೆಕ್ಕೆಯಲ್ಲಿ ಬಿಳಿ ಪಟ್ಟೆ ಇತ್ತೇ? ಚಿತ್ರ ಇದೆಯೇ? ಹುಡುಗನ ಬಳಿ ಯಾವುದಕ್ಕೂ ಉತ್ತರವಿರಲಿಲ್ಲ. ಹೆಸರು ಮಾತ್ರ ಬರೆದಿದ್ದ. ಇಬ್ಬರೂ ಸೈಕಲ್ಲು ತುಳಿದುಕೊಂಡು ಕೆರೆಗೆ ಹೋದೆವು. ಬಾತು ಹಾರಿಹೋಗಿತ್ತು. ಇವನು ಕಂಡದ್ದು ನಿಜವೇ ಇರಬಹುದು. ಆದರೆ ಅದು ಯಾವತ್ತಿಗೂ ದಾಖಲೆಯಾಗಲಿಲ್ಲ. ನಾಲ್ಕು ದಶಕದ ಹಿಂದೆ ಗ್ರಂಥಾಲಯದ ಪುಸ್ತಕ ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ಈ ಪತ್ರವೂ ಕೇಳಿತ್ತು!

ಕಾಣೆಯಾದ ನಮ್ಮ ಪುಟ

ಈಗ ನನ್ನದೇ ಒಂದು ತಪ್ಪಿನ ಕಥೆ. 2011ರಲ್ಲಿ ಮಕ್ಕಳ ಉತ್ಸಾಹ ಕಂಡು ಶಾಲೆಯ ಹಕ್ಕಿಗಳಿಗೆಂದು ಅಂತರಜಾಲದಲ್ಲಿ ಒಂದು ಪುಟ ಮಾಡಿದೆವು. ಪುಕ್ಕಟೆಯಾಗಿ ಜಾಗ ಕೊಡುತ್ತಿದ್ದ ಒಂದು ತಾಣ. ಮೂರು ವರ್ಷ ಪ್ರತಿ ಶನಿವಾರದ ಪಟ್ಟಿ, ಮಕ್ಕಳು ತೆಗೆದ ಚಿತ್ರಗಳು, ಗೂಡುಗಳ ವಿವರ, ಅಜ್ಜ ಅಜ್ಜಿಯರಿಂದ ಕೇಳಿ ತಂದ ಊರಿನ ಹೆಸರುಗಳು, ಎಲ್ಲವನ್ನೂ ಹಾಕಿದೆವು. ದುಬೈಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನೋಡಿ ಬರೆದಿದ್ದ. ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಆ ಮಕ್ಕಳು ಶಾಲೆ ಬಿಟ್ಟರು, ನಾನು ಬೇರೆ ಕೆಲಸಗಳಲ್ಲಿ ಮುಳುಗಿದೆ. ಆ ತಾಣ ಮುಚ್ಚುತ್ತದೆಂಬ ಸೂಚನೆ ನಾನು ತೆರೆಯುವುದನ್ನೇ ಬಿಟ್ಟಿದ್ದ ಇಮೇಲ್ ವಿಳಾಸಕ್ಕೆ ಬಂದಿತ್ತಂತೆ. ನಾನು ನೋಡುವಷ್ಟರಲ್ಲಿ ಪುಟವೇ ಇರಲಿಲ್ಲ. ನನ್ನಲ್ಲಿ ಬೇರೆ ಪ್ರತಿಯೂ ಇರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ತಾಣದಲ್ಲಿ ಲೋಕದ ಲಕ್ಷಾಂತರ ಹವ್ಯಾಸಿಗಳು ಪುಟ ಮಾಡಿಕೊಂಡಿದ್ದರು. 2009ರಲ್ಲಿ ಜಪಾನ್ ಒಂದನ್ನು ಬಿಟ್ಟು ಉಳಿದೆಡೆ ಅದು ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲಿರುಳು ದುಡಿದು ಉಳಿಸಿದಷ್ಟು ಉಳಿಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಹತ್ತು ವರ್ಷದ ನಂತರ ನೂರಕ್ಕೆ 38 ಸಿಗುತ್ತಿರಲಿಲ್ಲ.

ಪುಸ್ತಕ ಶಾಶ್ವತವೆಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಮಳೆ, ಗೆದ್ದಲು, ಬೂಷ್ಟುಗಳನ್ನು ಕಂಡವರು ಹಾಗೆ ಹೇಳಲಾರರು. ವ್ಯತ್ಯಾಸವೆಂದರೆ ಪುಸ್ತಕದ ಸಾವಿರ ಪ್ರತಿಗಳು ಸಾವಿರ ಮನೆಗಳಲ್ಲಿರುತ್ತವೆ. ಒಂದು ಮನೆಯದು ಗೆದ್ದಲಿಗೆ ಹೋದರೂ ಇನ್ನೊಂದು ಮನೆಯದು ಉಳಿಯುತ್ತದೆ. ಜಾಲದ ಪುಟವನ್ನು ಲಕ್ಷ ಜನ ನೋಡಬಹುದು, ಆದರೆ ಅದನ್ನು ಇಟ್ಟುಕೊಂಡವರು ಒಬ್ಬರೇ. ಅವರು ದೀಪ ಆರಿಸಿದರೆ ಎಲ್ಲರಿಗೂ ಕತ್ತಲೆ.

ಇನ್ನೂರು ಪುಟದ ನೋಟ್‌ಬುಕ್

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಳು. ಈಗ ದೂರದ ಊರಿನಲ್ಲಿ ನರ್ಸ್. ತವರುಮನೆಯ ಅಟ್ಟ ಗುಡಿಸುವಾಗ ಸಿಕ್ಕಿತೆಂದು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟಳು. ಬಿಚ್ಚಿ ನೋಡಿದರೆ ಆ ಮೂರು ವರ್ಷದ ಶನಿವಾರಗಳು! ಆಗ ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಪುಟಕ್ಕೆ ಹಾಕಲು ಇತರರು ನನ್ನ ಬಳಿ ಬಾಯಲ್ಲಿ ಹೇಳುತ್ತಿದ್ದರು, ಇವಳು ಬರೆದುಕೊಂಡು ಬರುತ್ತಿದ್ದಳು. ದಿನಾಂಕ, ಹೊರಟ ಸಮಯ, ಮರಳಿದ ಸಮಯ, ಹವೆ, ಕಾಗೆಯಿಂದ ಹಿಡಿದು ಎಲ್ಲ ಹಕ್ಕಿಗಳು. ಗೊತ್ತಾಗದ ಹಕ್ಕಿಗೆ ಹೆಸರಿನ ಜಾಗ ಖಾಲಿ ಬಿಟ್ಟು ‘ಗುಬ್ಬಿಗಿಂತ ದೊಡ್ಡದು, ಹೊಟ್ಟೆ ಹಳದಿ, ಬಾಲ ಮೇಲೆ ಕೆಳಗೆ ಆಡಿಸುತ್ತೆ, ನೀರಿನ ಹತ್ತಿರ’ ಎಂದು ಬರೆದಿದ್ದಳು. ಮೂರು ವರ್ಷವೂ ಸೆಪ್ಟೆಂಬರ್ ತಿಂಗಳಲ್ಲೇ ಆ ಸಾಲು ಮೊದಲು ಕಾಣಿಸುತ್ತಿತ್ತು. ಅದು ಬೂದು ಸಿಪಿಲೆ, ಉತ್ತರದಿಂದ ಚಳಿಗಾಲ ಕಳೆಯಲು ಬರುವ ವಲಸೆ ಹಕ್ಕಿ. ಹದಿಮೂರು ವರ್ಷದ ಹುಡುಗಿ ಹೆಸರು ಗೊತ್ತಿಲ್ಲದೆಯೇ ಅದರ ಆಗಮನವನ್ನು ಮೂರು ವರ್ಷ ದಾಖಲಿಸಿದ್ದಳು.

ಹಳೆಯ ದಿನಾಂಕದ ಪಟ್ಟಿಗಳನ್ನೂ ಇ-ಬರ್ಡ್ ಸ್ವೀಕರಿಸುತ್ತದೆ. ಈ ವರ್ಷದ ಒಂಬತ್ತನೆಯ ತರಗತಿಯ ಮಕ್ಕಳು ಹಲವಾರು ಶನಿವಾರ ಕುಳಿತು ಆ ನೋಟ್‌ಬುಕ್ಕನ್ನು ಸೇರಿಸಿದರು. ಒಬ್ಬರು ಓದುವುದು, ಒಬ್ಬರು ಒತ್ತುವುದು, ಇನ್ನೊಬ್ಬರು ಪುಸ್ತಕ ತೆರೆದು ಅನುಮಾನ ಬಂದದ್ದನ್ನು ಹೋಲಿಸುವುದು. ವಿವರ ಸಾಲದ ಹಕ್ಕಿಗಳನ್ನು ಬಿಟ್ಟರು. ಕಾಗದದಲ್ಲಿ ಉಳಿದದ್ದು ಜಾಲಕ್ಕೆ ಹೋಯಿತು. ಅಟ್ಟದ ಮೇಲೆ ಯಾರಿಗೂ ಉಪಯೋಗವಿಲ್ಲದೆ ಬಿದ್ದಿದ್ದ ಮೂರು ವರ್ಷಗಳು ಈಗ ಆ ಕೋಟಿಗಳ ಜೊತೆ ಸೇರಿವೆ. ನೋಟ್‌ಬುಕ್ ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ, ಜಾಲವಿಲ್ಲದಿದ್ದರೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆ ತಂದೆಗೆ ನನ್ನ ಉತ್ತರ

ಸ್ವಾಮಿ, ಮೊದಲು ಮಗಳಿಗೆ ಒಂದು ನೋಟ್‌ಬುಕ್ ಕೊಡಿಸಿ. ಅದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಮುಖ್ಯ. ಪುಸ್ತಕವನ್ನು ಈಗಲೇ ಕೊಳ್ಳಬೇಕಾಗಿಲ್ಲ. ಶಾಲೆಯಲ್ಲಿ ಒಂದು ಪ್ರತಿ ಇದೆ, ಮನೆಗೂ ಕೊಡುತ್ತೇನೆ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ಕೇಳಿ, ಇಲ್ಲದಿದ್ದರೆ ತರಿಸಿಕೊಡಿ ಎಂದು ಅರ್ಜಿ ಬರೆಯಿರಿ. ಕನ್ನಡದಲ್ಲಿಯೇ ಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ಇದೆ. ಆರು ತಿಂಗಳ ನಂತರವೂ ಅವಳು ಬರೆಯುತ್ತಿದ್ದರೆ, ಆಗ ಸಾವಿರ ರೂಪಾಯಿ ಖರ್ಚು ಮಾಡಿ. ಆ ದುಡ್ಡು ವ್ಯರ್ಥವಾಗುವುದಿಲ್ಲ, ತಂಗಿಗೂ ಆಗುತ್ತದೆ.

ಮೊಬೈಲನ್ನೂ ಕೊಡಿ, ಆದರೆ ಸರದಿಯಲ್ಲಿ. ಮೊದಲು ಕಣ್ಣು, ಎರಡನೆಯದು ಪೆನ್ಸಿಲು, ಮೂರನೆಯದು ಪುಸ್ತಕ, ನಾಲ್ಕನೆಯದು ಮೊಬೈಲು. ಹೆಸರು ಕೊನೆಗೆ ಬರಲಿ. ಮೊದಲೇ ಬಂದ ಹೆಸರು ಬಾಗಿಲು ಮುಚ್ಚುತ್ತದೆ. ನೋಡಿ, ಬರೆದು, ಹೋಲಿಸಿದ ಮೇಲೆ ಬಂದ ಹೆಸರು ಜೀವನಪೂರ್ತಿ ಜೊತೆಗಿರುತ್ತದೆ. ಮಗಳು ಒಮ್ಮೊಮ್ಮೆ ‘ಇದು ಯಾವುದೋ ಗೊತ್ತಾಗಲಿಲ್ಲ’ ಎಂದು ಬರೆದರೆ ಬೇಸರಿಸಬೇಡಿ. ಅಷ್ಟು ಪ್ರಾಮಾಣಿಕವಾಗಿ ಬರೆಯಲು ನನಗೆ ಬಹಳ ವರ್ಷ ಹಿಡಿಯಿತು.

ಈ ವಾರದ ಕೆಲಸ: ವಿದ್ಯಾರ್ಥಿಗಳೇ, ನಾಳೆ ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಮನೆಯ ಹಿತ್ತಲಲ್ಲೋ ಮಾಳಿಗೆಯ ಮೇಲೋ ಸುಮ್ಮನೆ ಕುಳಿತುಕೊಳ್ಳಿ. ಮೊಬೈಲು ಒಳಗಿರಲಿ. ದಿನಾಂಕ, ಸಮಯ, ಜಾಗ ಬರೆಯಿರಿ. ಕಂಡ ಹಕ್ಕಿಗಳನ್ನೆಲ್ಲ ಬರೆಯಿರಿ, ಕಾಗೆಯನ್ನು ಬಿಡಬೇಡಿ. ಗೊತ್ತಿಲ್ಲದ ಒಂದು ಹಕ್ಕಿಯ ಬಗ್ಗೆ ಐದು ಸಂಗತಿ ಗುರುತಿಸಿ: ಗುಬ್ಬಿ, ಗೊರವಂಕ, ಕಾಗೆಗಳಿಗೆ ಹೋಲಿಸಿದರೆ ಗಾತ್ರ, ಕೊಕ್ಕಿನ ಆಕಾರ, ಎದ್ದು ಕಾಣುವ ಬಣ್ಣ ಮತ್ತು ಅದಿರುವ ಜಾಗ, ಬಾಲ, ಏನು ಮಾಡುತ್ತಿತ್ತು. ಏಳು ಗಂಟೆಯಾದ ಮೇಲೆ ಪುಸ್ತಕವನ್ನೋ ಮೊಬೈಲನ್ನೋ ತೆರೆಯಿರಿ. ನಿಮ್ಮ ಐದು ಸಂಗತಿಗಳಲ್ಲಿ ಎಷ್ಟು ಕೆಲಸಕ್ಕೆ ಬಂದವು, ಏನನ್ನು ನೋಡಲು ಮರೆತಿರಿ ಎಂದು ಕೆಳಗೆ ಬರೆಯಿರಿ. ಮರೆತದ್ದನ್ನು ನೋಡಲು ನಾಡಿದ್ದು ಬೆಳಿಗ್ಗೆ ಮತ್ತೆ ಅಲ್ಲೇ ಕುಳಿತುಕೊಳ್ಳಿ.